ಮಗುಚಿ ಹಾಕಿ

ನನಗೊಂದು ಅಭ್ಯಾಸವಿದೆ. ಯಾವ ಕಾಗದ ಕೈಗೆ ಬಂದರೂ ಮೊದಲು ಅದನ್ನು ಮಗುಚಿ ಬೆನ್ನು ನೋಡುತ್ತೇನೆ, ಆಮೇಲೆ ಮುಖ. ಬಸ್ ಟಿಕೆಟ್ಟಾಗಲಿ, ಲಗ್ನಪತ್ರಿಕೆಯಾಗಲಿ, ಡಾಕ್ಟರು ಬರೆದುಕೊಟ್ಟ ಔಷಧದ ಚೀಟಿಯಾಗಲಿ, ಯಾವುದನ್ನೂ ಬಿಟ್ಟಿಲ್ಲ. ಮೊನ್ನೆ ಬೀರೂರಿನಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿ ಊಟಕ್ಕೆ ಕೂತಾಗ ಬಾಳೆಲೆಯ ತುದಿ ಎತ್ತಿ ಅದರ ಕೆಳಗೆ ಇಣುಕಿದೆನಂತೆ. ಪಕ್ಕದ ಎಲೆಯವರು "ಏನಾದ್ರೂ ಕಳ್ಕೊಂಡ್ರಾ ಮೇಡಂ?" ಎಂದು ಕೇಳಿದರು. ನನಗಿಂತ ಮುಂಚೆ ನಮ್ಮ ಮನೆಯವರೇ ಉತ್ತರ ಕೊಟ್ಟರು: "ಇಲ್ಲ ಕಣಮ್ಮ, ಅವಳು ಹಂಗೇನೆ. ಹುಡುಗನ್ನ ನೋಡು ಅಂತ ನನ್ನ ಫೋಟೋ ಕಳಿಸಿದ್ರೆ, ಫೋಟೋದ ಬೆನ್ನು ನೋಡಿ ಒಪ್ಕೊಂಡೋಳು."

ಅದು ಪೂರ್ತಿ ಸುಳ್ಳಲ್ಲ. ಆ ಫೋಟೋದ ಬೆನ್ನ ಮೇಲೆ ತರೀಕೆರೆಯ ಒಂದು ಸ್ಟುಡಿಯೋದ ನೇರಳೆ ಮೊಹರಿತ್ತು. ಮೊಹರು ನೋಡಿ ನನ್ನ ಎದೆ ಡವಡವ ಎಂದದ್ದನ್ನು ನಮ್ಮಮ್ಮ ಹುಡುಗ ಒಪ್ಪಿಗೆಯಾದ ಲಕ್ಷಣ ಎಂದು ತಿಳಿದಳು. ಮುಂದಿನದು ತಾನಾಗಿ ನಡೆದುಹೋಯಿತು.

ಈ ಅಭ್ಯಾಸ ನನ್ನ ಹುಟ್ಟುಗುಣವಲ್ಲ. ಇದಕ್ಕೆ ಕಾರಣ ಕನ್ನಡದ ಎರಡಕ್ಷರದ ಒಂದು ಶಬ್ದ: ಹಾಕಿ. ಕೋಲು ಹಿಡಿದು ಆಡುವ ಹಾಕಿಯಲ್ಲ. ಎಲೆ ಹಾಕಿ, ಬಾಗಿಲು ಹಾಕಿ ಎನ್ನುತ್ತೇವಲ್ಲ, ಆ ಹಾಕಿ. ಮೂವತ್ತು ವರ್ಷ ಕಡೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸಿದವಳು ನಾನು. ಕಲಿಸುವ ಮುಂಚೆ ಆ ಶಬ್ದದ ಕೈಯಲ್ಲಿ ನಾನೇ ಪೆಟ್ಟು ತಿಂದು ಕಲಿತಿದ್ದೆ ಎಂಬುದನ್ನು ಮಕ್ಕಳಿಗೆ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ. ನಗುವುದಾದರೆ ಸೆರಗೋ ವಲ್ಲಿಯೋ ಬಾಯಿಗೆ ಅಡ್ಡ ಹಿಡಿದು ನಕ್ಕರೆ ಸಾಕು.

ಶುರು ಮಾಡಬೇಕಾದರೆ ಯಗಟಿಯ ಟೆಂಟಿನಿಂದಲೇ ಮಾಡಬೇಕು. ನಮ್ಮೂರು ಯಗಟಿಗೆ ಸುಗ್ಗಿ ಮುಗಿದ ಮೇಲೆ ಟೆಂಟ್ ಸಿನಿಮಾದವರು ಬಂದು ಎರಡು ತಿಂಗಳು ಇರುತ್ತಿದ್ದರು. ನಾನೂ ನನ್ನ ಚಿಕ್ಕಪ್ಪನ ಮಗಳು ಗೌರಿಯೂ ಆಗ ಎರಡನೇ ಕ್ಲಾಸೋ ಮೂರನೇ ಕ್ಲಾಸೋ. ಹೆಂಗಸರ ಕಡೆ ಮರಳಿನ ಮೇಲೆ ಕೂತು ಬೇಸರವಾದಾಗ ತಡಿಕೆ ಸರಿಸಿ ಪರದೆಯ ಹಿಂದಕ್ಕೆ ನುಸುಳುತ್ತಿದ್ದೆವು. ಅಲ್ಲಿಂದಲೂ ಸಿನಿಮಾ ಕಾಣುತ್ತದೆ, ಆದರೆ ಎಡ ಬಲ ಅದಲುಬದಲು. ಹೀರೋ ಎಡಗೈಯಲ್ಲಿ ಊಟ ಮಾಡುತ್ತಿದ್ದ. "ಥೂ, ಎಡಗೈಲಿ ಉಣ್ತಾನೆ ಕಣೇ! ಇವ್ನಿಗೆ ಯಾರು ಹೆಣ್ಣು ಕೊಡ್ತಾರೆ?" ಎಂದು ಗೌರಿ ಮುಖ ಸಿಂಡರಿಸಿದಳು. ನಾನು ಮೆಲ್ಲಗೆ ಕೈ ಚಾಚಿ ಪರದೆ ಮುಟ್ಟಿದೆ. ಅಳುತ್ತಿದ್ದ ಒಬ್ಬ ಹೆಂಗಸಿನ ಕೆನ್ನೆ ನನ್ನ ಅಂಗೈ ಕೆಳಗೆ ಬಂತು. ಒದ್ದೆಯಾಗಿರಬೇಕು ಎಂದುಕೊಂಡಿದ್ದೆ, ಬರೀ ಒಣಗಿದ ಬಟ್ಟೆ. ಇದ್ದಾಳೆ, ಆದರೆ ಇಲ್ಲ. ಇಲ್ಲ, ಆದರೆ ಅಳುತ್ತಿದ್ದಾಳೆ. ಆ ಬೆರಗು ನನ್ನ ಅಂಗೈಯಿಂದ ಇವತ್ತಿಗೂ ಇಳಿದಿಲ್ಲ.

ಡಿಗ್ರಿ ಓದಲು ನಾವಿಬ್ಬರೂ ಕಡೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಮ್ಮ ಕ್ಲಾಸಿನಲ್ಲಿ ಚಂದ್ರು ಅಂತ ಒಬ್ಬನಿದ್ದ, ಅಜ್ಜಂಪುರದ ಈರುಳ್ಳಿ ಮಂಡಿಯವರ ಮಗ. ಪತ್ತೇದಾರಿ ಪುಸ್ತಕ ಓದಿ ಓದಿ ಅವನು ಹಾಜರಿ ಕೂಗಿದಾಗಲೂ ಒಂದು ಹುಬ್ಬೆತ್ತಿ ಅನುಮಾನದಿಂದಲೇ "ಎಸ್ ಸಾರ್" ಎನ್ನುತ್ತಿದ್ದ. ಒಂದು ದಿನ ಕಾರಿಡಾರಿನಲ್ಲಿ ನಿಲ್ಲಿಸಿ, "ನಾವೊಂದು ಸಿನಿಮಾ ಮಾಡೋಣ ಕಣ್ರೇ, ಥ್ರಿಲ್ಲರ್ರು" ಎಂದ. "ಥ್ರಿಲ್ಲರ್ ಅಂದ್ರೆ ಗೊತ್ತಾ? ನೋಡೋರ ತಲೆಗೂದ್ಲು ನೆಟ್ಟಗೆ ನಿಂತ್ಕೋಬೇಕು."

"ಎಣ್ಣೆ ಹಚ್ದೇ ಇದ್ರೆ ಹಂಗೇ ನಿಂತ್ಕೊಳ್ತವೆ ಕಣೋ" ಎಂದಳು ಗೌರಿ.

ಆದರೂ ತಂಡವೊಂದು ಹುಟ್ಟಿತು. ಚಂದ್ರು ನಿರ್ದೇಶಕ ಮತ್ತು ಕ್ಯಾಮರಾಮನ್. ಹಿರೇನಲ್ಲೂರಿನ ತಿಪ್ಪೇಸ್ವಾಮಿ ಕೊಲೆಗಾರ. ಆರಡಿ ಎತ್ತರ, ಹುರಿ ಮೀಸೆ. ಅವರ ಮನೆಯಲ್ಲಿ ಕುರಿ ಸಾಕುತ್ತಿದ್ದರು, ಆದರೆ ಮರಿ ಕೊಯ್ಯುವ ದಿನ ಇವನು ಊರಾಚೆ ಹೋಗಿ ಕೂರುತ್ತಿದ್ದ. ಕನ್ನಡ ಮೇಜರ್ ಎಂಬ ಗತ್ತಿನಲ್ಲಿ ಕಥೆ ಬರೆದವಳು ನಾನು. ಹೆಣವೂ ನಾನೇ. ಗೌರಿ ಬಿಸಿಲು ತಿರುಗಿಸುವ ಕೆಲಸಕ್ಕೆ. ಸಿನಿಮಾದವರು ಬೆಳ್ಳಿ ಕಾಗದದ ಹಲಗೆ ಹಿಡಿಯುತ್ತಾರಲ್ಲ, ನಮಗೆ ಗೌರಿಯ ಮನೆಯ ದೊಡ್ಡ ಸ್ಟೀಲ್ ಹರಿವಾಣವೇ ಆ ಹಲಗೆ. ಚಿತ್ರದ ಹೆಸರು 'ರಕ್ತದ ಟಿಕೆಟ್ಟು'. ರೈಲ್ವೆ ಪ್ಲಾಟ್‌ಫಾರಂ ಮೇಲೆ ಹುಡುಗಿಯೊಬ್ಬಳಿಗೆ ರಕ್ತ ಅಂಟಿದ ಟಿಕೆಟ್ಟು ಸಿಗುತ್ತದೆ. ಅದು ಸಿಕ್ಕಿದ್ದೇ ತಪ್ಪಾಗಿ ಕೊಲೆಗಾರ ಅವಳನ್ನು ಅಟ್ಟಿಸಿಕೊಂಡು ಹೋಗಿ ಗೂಡ್ಸ್ ಶೆಡ್ಡಿನ ಹಿಂದೆ ಮುಗಿಸುತ್ತಾನೆ. ಯಾಕೆ ಮುಗಿಸುತ್ತಾನೆ ಎಂದು ಗೌರಿ ಕೇಳಿದಳು. ಅದು ಸಸ್ಪೆನ್ಸು ಎಂದೆವು. ನಿಜ ಹೇಳಬೇಕೆಂದರೆ ನಮಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಹೆಣದ ಪಾತ್ರ ಎಂದರೆ ಅಮ್ಮ ಪೊರಕೆ ತಗೊಳ್ಳುತ್ತಿದ್ದಳು. "ಕಾಲೇಜಿನ ನಾಟಕದ ಥರ ಕಣಮ್ಮ, ನಂದು ಮಲಗಿರೋ ಪಾತ್ರ" ಎಂದೆ. "ಮಲಗೋಕೆ ಅಜ್ಜಂಪುರಕ್ಕೆ ಯಾಕ್ ಹೋಗ್ಬೇಕು, ಇಲ್ಲೇ ಮಲ್ಕೋ" ಎಂದಳು. ಗೌರಿ ಜತೆಗಿರುತ್ತಾಳೆ ಎಂದ ಮೇಲೆ ಒಪ್ಪಿದಳು.

ಇನ್ನು ಕ್ಯಾಮರಾ. ತರೀಕೆರೆಯಲ್ಲಿ ಮಂಜಪ್ಪ ಎಂಬವರ ಫೋಟೋ ಸ್ಟುಡಿಯೋ ಇತ್ತು. ಚಂದ್ರುವಿನ ಅಣ್ಣನ ಸ್ನೇಹಿತರು. ನಲವತ್ತು ದಾಟಿದ್ದ ಬ್ರಹ್ಮಚಾರಿ, ತಾಯಿಯ ಜತೆ ಸ್ಟುಡಿಯೋದ ಹಿಂದಿನ ಮನೆಯಲ್ಲೇ ವಾಸ. ಸುತ್ತಮುತ್ತಲಿನವರಿಗೆಲ್ಲ ಅವರು ಎರಡು ಮಾತಿನ ಮನುಷ್ಯರೆಂದೇ ಗೊತ್ತು. ಕರಿ ಬಟ್ಟೆಯೊಳಗೆ ತಲೆ ತೂರಿಸುವ ಮುಂಚೆ "ಅಲ್ಲಾಡ್ಬೇಡ್ರೀ". ಹೊರಗೆ ಬಂದ ಮೇಲೆ "ಆಯ್ತು, ಇನ್ನ ಅಲ್ಲಾಡ್ರಿ". ಮದುಮಕ್ಕಳಿರಲಿ, ತೊಟ್ಟಿಲ ಕೂಸಿರಲಿ, ಎರಡನೇ ಮಾತು ಬರುವವರೆಗೆ ಉಸಿರು ಬಿಡುವ ಹಾಗಿರಲಿಲ್ಲ. ಅವರು ಘಟ್ಟದ ಕಡೆಯ ಯಾರೋ ತೋಟದ ಸಾಹುಕಾರರಿಂದ ಅಂಗೈಯಗಲದ ಒಂದು ಹಳೇ ಸಿನಿಮಾ ಕ್ಯಾಮರಾ ಕೊಂಡಿದ್ದರು. ಗಡಿಯಾರದ ಹಾಗೆ ಕೀಲಿ ಕೊಟ್ಟರೆ ಕಿರ್ರೆಂದು ಓಡುತ್ತಿತ್ತು.

ಅದರ ರೀಲಿನ ವಿಚಾರ ನಿಮಗೆ ತಿಳಿಯಲೇಬೇಕು. ಹೊಲ ಉಳುವಾಗ ಹೋಗುತ್ತಾ ಒಂದು ಸಾಲು, ತಿರುಗಿ ಬರುತ್ತಾ ಪಕ್ಕದಲ್ಲೇ ಇನ್ನೊಂದು ಸಾಲು ಹೊಡೆಯುತ್ತಾರಲ್ಲ, ಹಾಗೆ. ರೀಲು ಒಮ್ಮೆ ಓಡಿದರೆ ಫಿಲಮ್ಮಿನ ಒಂದು ಮಗ್ಗುಲಲ್ಲಿ ಎರಡು ನಿಮಿಷದ ಚಿತ್ರ. ಅದನ್ನು ಬಿಚ್ಚಿ ಮಗುಚಿ ಹಾಕಿದರೆ ಇನ್ನೊಂದು ಮಗ್ಗುಲಲ್ಲಿ ಇನ್ನೆರಡು ನಿಮಿಷ. ಅಲ್ಲಿಗೆ ಮುಗಿಯಿತು. ಅದನ್ನು ಬೊಂಬಾಯಿಗೆ ಕಳಿಸಿದರೆ ಅಲ್ಲಿ ತೊಳೆದು, ಉದ್ದಕ್ಕೆ ಸೀಳಿ, ಎರಡನ್ನೂ ಒಂದರ ಹಿಂದೊಂದು ಅಂಟಿಸಿ ಕಳಿಸುತ್ತಿದ್ದರು. ಅಪ್ಪಿತಪ್ಪಿ ಎರಡನೇ ಸಲವೂ ಮಗುಚಿದರೆ ಉತ್ತ ಸಾಲಿನ ಮೇಲೇ ಮತ್ತೆ ನೇಗಿಲು ಹೋಗುತ್ತದೆ. ಮೊದಲು ತೆಗೆದ ಚಿತ್ರದ ಮೇಲೇ ಹೊಸ ಚಿತ್ರ ಬೀಳುತ್ತದೆ.

ನಮಗೆ ಆಗ ಗೊತ್ತಿಲ್ಲದ ಒಂದು ಸಂಗತಿಯನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಮಂಜಪ್ಪನವರ ಹತ್ತಿರ ಇದ್ದದ್ದು ಒಂದೇ ರೀಲು. ಅದರ ಒಂದು ಮಗ್ಗುಲಲ್ಲಿ ಆಗಲೇ ಅವರ ಅವ್ವ ಇದ್ದರು. ತೆಗೆದ ಹದಿನೈದು ದಿನಕ್ಕೆ ಅವ್ವ ಹೋಗಿಬಿಟ್ಟಿದ್ದರು. ತೀರಿಹೋದದ್ದು ಚಂದ್ರುವಿಗೆ ಗೊತ್ತಿತ್ತು, ಮಣ್ಣಿಗೂ ಹೋಗಿದ್ದ. ರೀಲಿನೊಳಗೆ ಅವರಿದ್ದಾರೆ ಎಂಬುದು ಮಂಜಪ್ಪನವರೊಬ್ಬರಿಗೇ ಗೊತ್ತಿತ್ತು.

ಚಂದ್ರು ಕ್ಯಾಮರಾ ಕೇಳಲು ಹೋದಾಗ ಅವರು ಯಾವುದೋ ಮದುವೆಗೆ ಹೊರಟು ಬಸ್ಸಿನ ಮೆಟ್ಟಿಲ ಮೇಲಿದ್ದರಂತೆ. ಕೂಡಲೇ ಇಳಿದು, ಸ್ಟುಡಿಯೋಗೆ ಹೋಗಿ, ಒಂದು ಚೀಟಿ ಗೀಚಿ, ಕ್ಯಾಮರಾದ ಚರ್ಮದ ಚೀಲದಲ್ಲಿಟ್ಟು ಕೊಟ್ಟರು. "ಎಲ್ಲಾ ಬರ್ದಿದೀನಿ ಕಣೋ, ಸರ್ಯಾಗಿ ಓದ್ಕೊಳ್ಳಿ!" ಎಂದು ಕೂಗಿ ಓಡುವ ಬಸ್ಸು ಹತ್ತಿದರು.

ಓದುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು. ಬಾಲ್ ಪೆನ್ನಿನಲ್ಲಿ ಗುಂಡಗೆ ಬರೆದಿದ್ದರು. ಕೀಲಿ ಪೂರ್ತಿ ಕೊಡಿ. ಸೂರ್ಯ ನಿಮ್ಮ ಬೆನ್ನಿಗಿರಲಿ. ಕೈ ನಡುಗಿಸಬೇಡಿ. ಕೊನೆಯ ಸಾಲು ಕಾಗದದ ಅಂಚಿನ ತನಕ ಬಂದು ನಿಂತಿತ್ತು: ಒಂದು ಮಗ್ಗುಲು ಮುಗಿದ ಮೇಲೆ ರೀಲು ಮಗುಚಿ ಹಾಕಿ

ಗಮನಿಸಿದಿರಾ? ಕೊನೆಯಲ್ಲಿ ಪೂರ್ಣವಿರಾಮವಿಲ್ಲ. ನಾನೂ ಗಮನಿಸಿದೆ. ಗಮನಿಸಿ ಏನು ಮಾಡಿದೆ ಗೊತ್ತೇ? ಪಾಪ, ಫೋಟೋ ತೆಗೆಯುವವರಿಗೆ ವಿರಾಮಚಿಹ್ನೆ ಎಲ್ಲಿ ಗೊತ್ತಾಗಬೇಕು ಎಂದು ಮರುಕಪಟ್ಟು, ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ ನಾನೇ ಇಟ್ಟೆ. ಚೀಟಿ ಕಳೆದುಹೋಗಬಾರದೆಂದು ಬುತ್ತಿಯ ಅನ್ನದ ಅಗುಳು ಅರೆದು, ಕಥೆ ಬರೆದಿದ್ದ ನೋಟ್‌ಬುಕ್ಕಿನ ರಟ್ಟಿಗೆ ನೀಟಾಗಿ ಅಂಟಿಸಿದೆ. ಮಗುಚಿ ನೋಡಬೇಕೆಂದು ಹೊಳೆಯಲಿಲ್ಲ.

ಒಂದು ಭಾನುವಾರ ಅಜ್ಜಂಪುರದ ಸ್ಟೇಷನ್ನಿನಲ್ಲಿ ಶೂಟಿಂಗು. ಸ್ಟೇಷನ್ ಮಾಸ್ಟರು ನಮ್ಮ ಕಥೆ ಕೇಳಿ, "ಏನಾದ್ರೂ ಮಾಡ್ಕೊಳ್ರಪ್ಪ, ಗಾಡಿ ಬರೋ ಹೊತ್ಗೆ ಪ್ಲಾಟ್‌ಫಾರಂ ಮೇಲೆ ಹೆಣ ಇರಬಾರ್ದು ಅಷ್ಟೇಯ" ಎಂದು ಅಪ್ಪಣೆ ಕೊಟ್ಟರು. ಬೆಳಿಗ್ಗೆ ಟಿಕೆಟ್ಟು ಸಿಗುವ ದೃಶ್ಯ. ನಾನು ಬಗ್ಗಿ ಟಿಕೆಟ್ಟು ಎತ್ತಿಕೊಂಡು ಬೆಚ್ಚಿಬೀಳಬೇಕು. ಗೌರಿಯ ಹರಿವಾಣದ ಬೆಳಕು ಕಣ್ಣಿಗೆ ರಾಚಿ ಹನ್ನೊಂದು ಸಲ ಬೆಚ್ಚಿಬೀಳುವುದರ ಬದಲು ಸೀನಿದೆ. ಎರಡು ನಿಮಿಷದ ಚಿತ್ರಕ್ಕೆ ಮೂರು ಗಂಟೆ ಹಿಡಿಯಿತು. ಆಮೇಲೆ ಕ್ಯಾಮರಾದ ಮುಳ್ಳು ಸೊನ್ನೆಗೆ ಬಂತು.

ರೀಲಿಗೆ ಬೆಳಕು ತಾಗಬಾರದು. ತಿಪ್ಪೇಸ್ವಾಮಿ ಅವರಪ್ಪನ ಕರಿ ಕಂಬಳಿ ತಂದಿದ್ದ. ಚಂದ್ರು ಕ್ಯಾಮರಾ ಸಮೇತ ಅದರೊಳಗೆ ಹೊಕ್ಕ. ಕಂಬಳಿಯೊಳಗಿಂದ ಕುರಿ ವಾಸನೆಗೆ ಕೆಮ್ಮುತ್ತಾ, "ಏನಂತ ಬರ್ದವ್ರೆ, ಇನ್ನೊಂದ್ಸಲ ಓದೇ" ಎಂದ. ನಾನು ನಿಂತುಕೊಂಡು, ಪದ್ಯ ವಾಚನ ಮಾಡುವವಳ ಹಾಗೆ, ನನ್ನ ಪೂರ್ಣವಿರಾಮಕ್ಕೆ ಸರಿಯಾಗಿ ಉಸಿರು ನಿಲ್ಲಿಸಿ ಓದಿದೆ. ಮಗುಚಿ ಹಾಕಿ. ಚಂದ್ರು ಮಗುಚಿ ಹಾಕಿದ.

ಮಧ್ಯಾಹ್ನ ಕೊಲೆ. ತಿಪ್ಪೇಸ್ವಾಮಿಯ ಕೈಗೆ ಮಂಡಿಯಲ್ಲಿ ಚೀಲ ಎತ್ತುವ ಕೊಕ್ಕೆ ಕೊಟ್ಟೆವು. ನನ್ನನ್ನು ಅಟ್ಟಿಸಿಕೊಂಡು ಬರುವಾಗ ಅವನು ಪ್ರತಿ ಹತ್ತು ಹೆಜ್ಜೆಗೊಮ್ಮೆ "ಬೀಳ್ತೀಯ ಕಣಮ್ಮ, ಕಲ್ಲೈತೆ ನೋಡ್ಕಂಡು ಓಡು" ಎಂದು ಎಚ್ಚರಿಸುತ್ತಿದ್ದ. ಮಾತು ಕೇಳದ ಸಿನಿಮಾ ಆದ್ದರಿಂದ ಬದುಕಿದೆವು. ರಕ್ತಕ್ಕೆ ಜೋನಿಬೆಲ್ಲ. ಬಿಸಿಲಿಗೆ ಕಾದ ಜಲ್ಲಿಯ ಮೇಲೆ ನಾನು ಸತ್ತು ಬಿದ್ದೆ. ಹೆಣಕ್ಕೆ ಇರುವೆ ಬಂದವು. "ಅಲ್ಲಾಡ್ಬೇಡ್ವೇ!" ಎಂದು ಚಂದ್ರು ಕಿರುಚುತ್ತಿದ್ದ, ನನ್ನ ಕಾಲು ನನ್ನ ಮಾತೇ ಕೇಳಲಿಲ್ಲ. 'ರಕ್ತದ ಟಿಕೆಟ್ಟಿ'ನ ಹೆಣ ಸತ್ತ ಮೇಲೂ ಅರ್ಧ ನಿಮಿಷ ಕಾಲು ಕೆರೆದುಕೊಂಡಿತು. ಆದರೂ ಸಂಜೆ ಬಸ್ಸು ಹತ್ತಿದಾಗ ಏನೋ ದೊಡ್ಡದನ್ನು ಮಾಡಿಬಿಟ್ಟೆವು ಎಂಬ ಸಂಭ್ರಮ ನಮಗೆ.

ಮಾರನೇ ದಿನ ಕಾಲೇಜಿಗೆ ಚಕ್ಕರ್ ಹೊಡೆದು ನಾಲ್ವರೂ ತರೀಕೆರೆಗೆ ಹೋದೆವು.

"ಎಷ್ಟು ಓಡ್ತೋ?" ಎಂದರು ಮಂಜಪ್ಪ, ಕ್ಯಾಮರಾ ಈಸಿಕೊಳ್ಳುತ್ತಾ.

"ಪೂರ್ತಿ ಮಂಜಣ್ಣ! ಎರಡು ಮಗ್ಗುಲೂ, ನಾಲ್ಕು ನಿಮಿಷ!"

ಚೀಲದ ಗುಂಡಿ ಹಾಕುತ್ತಿದ್ದ ಅವರ ಕೈ ಅಲ್ಲೇ ನಿಂತಿತು. "ಎರಡು ಮಗ್ಗುಲಾ?"

"ನೀವೇ ಬರ್ದಿದ್ರಲ್ಲ, ಮಗುಚಿ ಹಾಕಿ ಅಂತ."

"ಎಲ್ಲಿ ಚೀಟಿ?"

ನಾನು ನೋಟ್‌ಬುಕ್ಕು ಮುಂದೆ ಹಿಡಿದೆ. ಅವರು ನನ್ನ ಕೆಂಪು ಚುಕ್ಕೆಯನ್ನು ಒಂದು ಗಳಿಗೆ ನೋಡಿದರು. ಫೋಟೋ ತೊಳೆಯುವ ತಟ್ಟೆಯ ನೀರಿನಲ್ಲಿ ಬೆರಳದ್ದಿ ಚೀಟಿಯನ್ನು ತೇವ ಮಾಡಿದರು. ಅನ್ನದ ಅಂಟು ಮೆತ್ತಗಾಗುವವರೆಗೆ ಕಾದು, ಹಸಿ ಫೋಟೋವನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ, ಮಗುಚಿ, ನನ್ನ ಕೈಗೆ ಕೊಟ್ಟರು. ಹಿಂದೆ ಬರೆದಿತ್ತು: ಕೊಟ್ಟಿದ್ದೇನೆ. ಈಗಿರುವ ಮಗ್ಗುಲು ಮಾತ್ರ ನಿಮ್ಮದು. ಓಡಿ ಮುಗಿದ ಮೇಲೆ ಬಿಚ್ಚದೆ ಹಾಗೇ ತನ್ನಿ.

ಮಗುಚಿ ಹಾಕಿ ಕೊಟ್ಟಿದ್ದೇನೆ. 'ಹಾಕಿ' ಎಂದರೆ ನೀವು ಹಾಕಿ ಎಂಬ ಅಪ್ಪಣೆಯೂ ಹೌದು. ಹಾಕಿ ಆಯಿತು, ಮುಂದೆ ಕೇಳು ಎನ್ನುವ ಅರ್ಧ ಮಾತೂ ಹೌದು. ಅಪ್ಪಣೆಗೆ ವಿಧ್ಯರ್ಥ ಎನ್ನುತ್ತಾರೆ, ಅರ್ಧ ಮಾತಿಗೆ ಕೃದಂತಾವ್ಯಯ. ಪರೀಕ್ಷೆಯಲ್ಲಿ ಇದಕ್ಕೆ ನಾನು ಪೂರ್ತಿ ಮಾರ್ಕು ತಗೊಂಡಿದ್ದೆ.

ಮಂಜಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲಿನ ಮೇಲೆ ಕೂತು, "ಆ ಮಗ್ಗುಲಲ್ಲಿ ಅವ್ವ ಇದ್ಲು ಕಣ್ರೋ" ಎಂದರು. ಊರವರದ್ದೆಲ್ಲ ಸಾವಿರ ಫೋಟೋ ತೆಗೆದ ಕೈ; ಅವ್ವನದು ಗೋಡೆಗೆ ಹಾಕಿದ ಒಂದು ಪಟ ಬಿಟ್ಟರೆ ಇನ್ನೊಂದಿರಲಿಲ್ಲ. ಅವ್ವ ನಡೆದಾಡುವುದನ್ನು ಇಟ್ಟುಕೊಳ್ಳಬೇಕು ಎಂದೇ ಆ ಕ್ಯಾಮರಾ ಕೊಂಡಿದ್ದರಂತೆ. ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ ಕೀಲಿ ಕೊಟ್ಟರೆ, ಅವ್ವ ಕಲ್ಲಿನ ಹಾಗೆ ನಿಂತುಬಿಟ್ಟರಂತೆ. "ಅಲ್ಲಾಡವ್ವ, ಇದು ಅಲ್ಲಾಡೋ ಫೋಟೋ ಅಂತೀನಿ, ಊಹೂಂ. ಇಷ್ಟು ವರ್ಷ ಅಲ್ಲಾಡ್ಬೇಡ ಅಂದೋನು ಇವತ್ತು ಅಲ್ಲಾಡು ಅಂತಾನೆ, ನನ್ ಪರೀಕ್ಷೆ ಮಾಡ್ತಾನೆ ಅಂದ್ಕೊಂಡ್ಲು. ಮತ್ತೆ ಮತ್ತೆ ಕೀಲಿ ಕೊಟ್ಟೆ. ಕೊನೇಲಿ ಒಂದೇ ಒಂದ್ಸಲ ಅಲ್ಲಾಡಿದ್ಲು. ಅಷ್ಟೊತ್ಗೆ ರೀಲು ಇತ್ತೋ ಮುಗಿದಿತ್ತೋ, ನಂಗೂ ಗೊತ್ತಿಲ್ಲ."

ಗೌರಿ ಕೇಳಿದಳು: "ಅಂಥಾದ್ದನ್ನ ನಮ್ಗ್ಯಾಕೆ ಕೊಟ್ರಿ ಅಣ್ಣ?"

"ಯಾರದ್ದಾದ್ರೂ ಪಾತ್ರೆ ಬಂದಿದ್ರೆ ಖಾಲಿ ಕಳಿಸ್ಬಾರ್ದು, ಚಿಟಿಕೆ ಸಕ್ರೆನಾದ್ರೂ ಹಾಕಿ ಕಳಿಸು ಅಂತಿದ್ಲು ಅವ್ವ. ರೀಲು ಅರ್ಧ ಖಾಲಿ ಇತ್ತು. ಬೊಂಬಾಯಿಗೆ ಹೆಂಗ್ ಕಳಿಸ್ಲಿ? ನಂಗೇನು ತೆಗೀಬೇಕೋ ತೋಚಲಿಲ್ಲ. ಹುಡುಗ್ರು ಏನಾದ್ರೂ ಕುಣೀಲಿ ಅಂತ ಕೊಟ್ಟೆ."

ಅಷ್ಟರಲ್ಲಿ ಯಾರೋ ಅರ್ಜಿಗೆ ಫೋಟೋ ಬೇಕೆಂದು ಬಂದರು. ಮಂಜಪ್ಪ ಎದ್ದು ಕರಿ ಬಟ್ಟೆಯೊಳಗೆ ತಲೆ ಹಾಕಿ "ಅಲ್ಲಾಡ್ಬೇಡ್ರೀ" ಎಂದರು. ಬಂದವನು ಕದಲಲಿಲ್ಲ. ಅವತ್ತು ನಡುಗುತ್ತಿದ್ದದ್ದು ಕರಿ ಬಟ್ಟೆ. ಅದನ್ನು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ರೀಲನ್ನು ಹಾಗೇ ಬೊಂಬಾಯಿಗೆ ಕಳಿಸಿದರು. ಆಮೇಲಿನ ಆರು ವಾರ ನಮ್ಮ ಪಾಲಿಗೆ ನಿಜವಾದ ಥ್ರಿಲ್ಲರ್ರು. ತಿಪ್ಪೇಸ್ವಾಮಿ ಪ್ರಾಯಶ್ಚಿತ್ತ ಎಂದು ಮೀಸೆ ಬೋಳಿಸಿಕೊಂಡು ಬಂದ. ಗುರುತು ಸಿಗದೆ ಮೇಷ್ಟ್ರು ಅವನನ್ನು ಕ್ಲಾಸಿನಿಂದ ಹೊರಗೆ ಹಾಕಿದರು. ಒಂದರ ಮೇಲೊಂದು ಬಿದ್ದ ಚಿತ್ರ ಬೇರೆ ಮಾಡೋಕಾಗುತ್ತಾ ಎಂದು ಚಂದ್ರು ಸಿಕ್ಕಸಿಕ್ಕವರನ್ನು ಕೇಳಿದ. "ಹಾಲಿಗೆ ನೀರು ಬೆರೆಸಿ ಆಮೇಲೆ ಬೇರೆ ಮಾಡು ಅಂದ್ರೆ ಹೆಂಗೋ?" ಎಂದಳು ಗೌರಿ. "ಹಂಸಪಕ್ಷಿ ಮಾಡುತ್ತಂತೆ" ಎಂದ ತಿಪ್ಪೇಸ್ವಾಮಿ, ನೋಡಿಬಂದವನ ಹಾಗೆ. ಯಾರಿಗೂ ನಗು ಬರಲಿಲ್ಲ. ನಾನು ಆ ಆರು ವಾರ ಯಾವ ವಾಕ್ಯಕ್ಕೂ ಪೂರ್ಣವಿರಾಮ ಇಡಲಿಲ್ಲ, ಕೈ ಬರುತ್ತಿರಲಿಲ್ಲ.

ಕೊನೆಗೆ ಒಂದು ಕಾರ್ಡು ಬಂತು. "ಡಬ್ಬಿ ಬಂದಿದೆ. ಬಿಚ್ಚಿಲ್ಲ. ನಾಲ್ಕೂ ಜನ ಬನ್ನಿ." ಕಾರ್ಡನ್ನು ಎಷ್ಟು ಸಲ ಮಗುಚಿ ನೋಡಿದೆನೋ ಲೆಕ್ಕವಿಲ್ಲ. ಹಿಂದೆ ಬರೀ ವಿಳಾಸವಿತ್ತು.

ಹಗಲು ಹೊತ್ತಿನಲ್ಲೇ ಸ್ಟುಡಿಯೋ ಬಾಗಿಲು ಹಾಕಿ, ಕಿಟಕಿಗೆ ಕರಿ ಬಟ್ಟೆ ಬಿಗಿದಿದ್ದರು. ಜನ ನಿಂತು ಫೋಟೋ ತೆಗೆಸಿಕೊಳ್ಳುವ ಪರದೆ ಗೊತ್ತಲ್ಲ, ಕೆರೆ, ಮೆಟ್ಟಿಲು, ಹಂಸ ಬರೆದದ್ದು. ಅದನ್ನು ತಿರುಗಿಸಿ ಬಿಳಿ ಬೆನ್ನು ನಮ್ಮ ಕಡೆ ಮಾಡಿದ್ದರು. ನಾವು ನಾಲ್ವರೂ ಚಾಪೆಯ ಮೇಲೆ ಕೂತೆವು. ಮಂಜಪ್ಪ ಪುಟ್ಟ ಪ್ರೊಜೆಕ್ಟರಿನ ಪಕ್ಕ ನಿಂತರು.

ಮೊದಲು ಬಂದದ್ದು ಆ ಮಗ್ಗುಲೇ. ಪರದೆ ತುಂಬ ಬಿಳಿ ಬಿಳಿ ಚುಕ್ಕೆ ಹಾರಿತು. ಆಮೇಲೆ ಅಜ್ಜಂಪುರದ ಪ್ಲಾಟ್‌ಫಾರಂ ಬಂತು, ಓಡುತ್ತಿರುವ ನಾನು ಬಂದೆ. ಎಲ್ಲ ಹಾಳಾಯಿತು ಎಂದು ಚಂದ್ರು ತಲೆ ತಗ್ಗಿಸಿದ. ಅಷ್ಟರಲ್ಲಿ ಗೌರಿ ನನ್ನ ತೋಳು ಹಿಡಿದಳು. ಅವಳ ಉಗುರು ಚುಚ್ಚಿದ್ದು ನನಗೆ ಆಮೇಲೆ ತಿಳಿಯಿತು.

ಪ್ಲಾಟ್‌ಫಾರಂ ಮಧ್ಯದಲ್ಲಿ ಒಬ್ಬ ಮುದುಕಿ ನಿಂತಿದ್ದರು.

ಬಿಳಿ ಸೀರೆ, ಬಿಳಿ ತಲೆ. ಹಿತ್ತಲ ಬಾಗಿಲಿನ ಕತ್ತಲ ಮುಂದೆ ನಿಂತಿದ್ದರಿಂದ ಅವರೊಬ್ಬರೇ ಬೆಳ್ಳಗೆ ಮೂಡಿದ್ದರು. ಸುತ್ತಲಿನ ಕತ್ತಲಲ್ಲೆಲ್ಲ ನಮ್ಮ ಸ್ಟೇಷನ್ನು ಹರಡಿಕೊಂಡಿತ್ತು. ನಾನು ಅವರ ಮೈಯೊಳಗಿಂದ ಓಡಿ ಆಚೆ ಬಂದೆ. ತಿಪ್ಪೇಸ್ವಾಮಿ ಕೊಕ್ಕೆ ಎತ್ತಿಕೊಂಡು ಅವರ ಸೆರಗಿನೊಳಗಿಂದ ನುಗ್ಗಿದ. ಅವರು ರೆಪ್ಪೆ ಕೂಡ ಅಲ್ಲಾಡಿಸಲಿಲ್ಲ. ಕೊಲೆ ನಡೆಯಿತು. ಹೆಣ ಬಿತ್ತು. ಹೆಣ ಕಾಲು ಕೆರೆದುಕೊಳ್ಳುತ್ತಿತ್ತು, ಬದುಕಿಲ್ಲದ ಅವ್ವ ಕಲ್ಲಿನ ಹಾಗೆ ನಿಂತು ನೋಡುತ್ತಿದ್ದರು. ನನ್ನ ತಲೆಗೂದಲು ಒಂದೊಂದೂ ನೆಟ್ಟಗಾಯಿತು. ಎಣ್ಣೆ ಹಚ್ಚಿದ್ದೆ.

ಯಾರೂ ಉಸಿರು ಬಿಡಲಿಲ್ಲ. ರೀಲು ಮುಗಿಯುತ್ತಾ ಬಂದಿದೆ ಎಂದು ಸದ್ದಿನಿಂದಲೇ ತಿಳಿಯುತ್ತಿತ್ತು. ಅಲ್ಲಾಡಿ ಅಜ್ಜಿ, ಅಲ್ಲಾಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆಗ ಅವರ ತುಟಿ ಕದಲಿತು. ಸದ್ದಿಲ್ಲದ ಸಿನಿಮಾ. ಆದರೂ ಏನೆಂದರು ಎಂದು ನಮಗೆಲ್ಲ ಗೊತ್ತಾಯಿತು. ಆಯ್ತೇನೋ?

ನಮ್ಮ ಹಿಂದಿನಿಂದ, ಪ್ರೊಜೆಕ್ಟರಿನ ಪಕ್ಕದ ಕತ್ತಲಿಂದ, ಮಂಜಪ್ಪ ಉತ್ತರ ಕೊಟ್ಟರು: "ಆಯ್ತು ಕಣವ್ವ. ಇನ್ನ ಅಲ್ಲಾಡು."

ಅವ್ವ ಅಲ್ಲಾಡಿದರು. ಸೆರಗಿನ ತುದಿಯಿಂದ ಮುಖ ಒರೆಸಿಕೊಂಡರು. ಹಿತ್ತಲಲ್ಲಿ ಅವತ್ತು ಬೆವರು ಒರೆಸಿಕೊಂಡಿದ್ದಿರಬೇಕು; ಅಜ್ಜಂಪುರದ ಜಲ್ಲಿಯ ಮೇಲೆ ಬಿದ್ದಿದ್ದ ನನ್ನನ್ನು ನೋಡಿ ಕಣ್ಣೊರೆಸಿಕೊಂಡ ಹಾಗೆ ಕಂಡಿತು. ಆಮೇಲೆ ಎಡಗಾಲನ್ನು ಒಂದಿಷ್ಟು ಎಳೆಯುತ್ತಾ ತಿರುಗಿ ನಾಲ್ಕು ಹೆಜ್ಜೆ ನಡೆದರು. ನನ್ನ ಹೆಣವನ್ನು ದಾಟಿಕೊಂಡು ಹೋದರು. ಐದನೇ ಹೆಜ್ಜೆಗೆ ಪರದೆ ಬೆಳ್ಳಗಾಯಿತು.

ಅದರ ಹಿಂದೆಯೇ ಇನ್ನೊಂದು ಮಗ್ಗುಲು ಓಡಿತು. ಟಿಕೆಟ್ಟು ಸಿಕ್ಕಿತು, ನಾನು ಸೀನಿದೆ, ಚಿತ್ರ ಕನ್ನಡಿಯ ಹಾಗೆ ಸ್ಪಷ್ಟವಾಗಿತ್ತು. ಯಾರೂ ನೋಡಲಿಲ್ಲ. ತಿಪ್ಪೇಸ್ವಾಮಿ ಮೊಣಕಾಲಲ್ಲಿ ಮುಖವಿಟ್ಟು ಅಳುತ್ತಿದ್ದ. ನನಗೆ ಮಾತ್ರ ಯಗಟಿಯ ಟೆಂಟು ನೆನಪಾಗಿ, ನಾಚಿಕೆ ಬಿಟ್ಟು ಎದ್ದುಹೋಗಿ ಪರದೆಗೆ ಅಂಗೈ ಇಟ್ಟೆ. ಅವ್ವ ನಿಂತಿದ್ದ ಜಾಗ. ಒಣಗಿದ ಬಟ್ಟೆಯೇ.

ಮಂಜಪ್ಪ ಬಂದು ನನ್ನ ಪಕ್ಕ ನಿಂತರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವರು ಮುಖ ಒರೆಸಿಕೊಂಡು, ನಮ್ಮ ನಾಲ್ವರ ಕಡೆ ತಿರುಗಿ, ಒಂದೇ ಮಾತು ಹೇಳಿದರು:

"ಇನ್ನೊಂದ್ಸಲ ಹಾಕಿ."

ಈ ಸಲ ಅದು ವಿಧ್ಯರ್ಥವೇ. ಹಾಕಿದೆವು.